ಅಟ್ಯಾಚ್‌ಮೆಂಟ್ ತೆರೆಯುವ ಮುನ್ನ ಫೈಲಿನ ಪೂರ್ತಿ ಹೆಸರು ನೋಡಿ

ಮನೆಯಲ್ಲಿ ವಿಂಡೋಸ್ ಕಂಪ್ಯೂಟರ್ ಇರುವವರು ದಯವಿಟ್ಟು ಇವತ್ತೇ ಒಂದು ಸೆಟ್ಟಿಂಗ್ ಬದಲಿಸಿ. ಫೈಲ್ ಯಾವ ಬಗೆಯದು ಎಂದು ಹೇಳುವ, ಹೆಸರಿನ ಕೊನೆಯ ತುಣುಕನ್ನು (ಎಕ್ಸ್‌ಟೆನ್ಷನ್) ವಿಂಡೋಸ್ ಸಾಮಾನ್ಯವಾಗಿ ಮರೆಮಾಡಿರುತ್ತದೆ. ಹಾಗಾಗಿ ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂಬ ವೈರಸ್ ನಮಗೆ ಬರೀ ‘ಬಿಲ್.ಪಿಡಿಎಫ್’ ಅಂತ ಕಾಣುತ್ತದೆ. 2000ದ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ‘ಐ ಲವ್ ಯೂ’ ವೈರಸ್ ಬಳಸಿದ್ದೂ ಇದೇ ಉಪಾಯ. ಟೆಕ್ಸ್ಟ್ ಫೈಲಿನಂತೆ ಕಂಡ ಪ್ರೇಮಪತ್ರ ನಿಜಕ್ಕೂ ಒಂದು ಸ್ಕ್ರಿಪ್ಟ್, ಅಂದರೆ ತೆರೆದೊಡನೆ ಓಡುವ ಸಣ್ಣ ಪ್ರೋಗ್ರಾಂ. ತೆರೆದವರ ಅಡ್ರೆಸ್ ಬುಕ್ಕಿನಲ್ಲಿದ್ದವರಿಗೆಲ್ಲ ಅದು ತಾನಾಗಿಯೇ ತನ್ನ ಪ್ರತಿಯನ್ನು ಮೇಲ್ ಮಾಡುತ್ತಿತ್ತು. ಆದ್ದರಿಂದ ಪರಿಚಿತರ ಹೆಸರಿನಲ್ಲಿ ಬಂದಿದೆ ಎಂದು ನಂಬಬೇಡಿ, ಫೋನ್ ಮಾಡಿ ಕೇಳಿ.

ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಆಮೇಲೆ ಶೋ, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ಗೆ ಟಿಕ್ ಹಾಕಿ. ಇಎಕ್ಸ್‌ಇ, ವಿಬಿಎಸ್, ಜೆಎಸ್, ಎಸ್‌ಸಿಆರ್ ಎಂದು ಕೊನೆಯಾಗುವ ಅಟ್ಯಾಚ್‌ಮೆಂಟ್ ಮುಟ್ಟಲೇಬೇಡಿ. ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್ ಬಗ್ಗೆ ಇನ್ನೂ ಹೆಚ್ಚು ಎಚ್ಚರ ಬೇಕು, ಏಕೆಂದರೆ ಮೇಲ್ ಸೇವೆಯ ವೈರಸ್ ತಪಾಸಣೆಗೆ ಅದರ ಒಳಗಿರುವುದು ಕಾಣುವುದಿಲ್ಲ.

ಗೊತ್ತಿಲ್ಲದವರ ಸ್ಪ್ಯಾಮ್‌ನಲ್ಲಿರುವ ‘ಅನ್‌ಸಬ್‌ಸ್ಕ್ರೈಬ್’ ಒತ್ತಬೇಡಿ. ಒತ್ತಿದರೆ ನಿಮ್ಮ ವಿಳಾಸ ಬಳಕೆಯಲ್ಲಿದೆ ಅಂತ ಅವರಿಗೆ ಖಾತ್ರಿಯಾಗಬಹುದು. ‘ರಿಪೋರ್ಟ್ ಸ್ಪ್ಯಾಮ್’ ಸಾಕು.

ಮನೆಯಲ್ಲಿ ಯಾರಾದರೂ ಇಂಥ ಅಟ್ಯಾಚ್‌ಮೆಂಟ್ ತೆರೆದುಬಿಟ್ಟರೆ ಬೈಯಬೇಡಿ. ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ತಕ್ಷಣ ಇಂಟರ್ನೆಟ್ ಕಡಿದು, ವಿಂಡೋಸ್ ಸೆಕ್ಯೂರಿಟಿಯಲ್ಲಿ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಎಂಬ ವೈರಸ್ ತಪಾಸಣೆ ಓಡಿಸಿ. ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಿ.