ಟಿವಿಯಲ್ಲಿ ಎಲ್ಲರೂ ಊದಿಕೊಂಡಾಗ

ನಮ್ಮದು ಚಿತ್ರದುರ್ಗ. ಕೋಟೆ ನೋಡಲು ಬಂದ ನೆಂಟರಿಗೆ ಸಂಜೆ 'ನಾಗರಹಾವು' ಹಾಕಿ ತೋರಿಸುವುದು ಮನೆಯ ವಾಡಿಕೆ. 1972ರಲ್ಲಿ ಬಂದ ಚಿತ್ರ. ಪುಟ್ಟಣ್ಣ ಕಣಗಾಲ್ ಇದೇ ಕೋಟೆಯಲ್ಲಿ ಶೂಟಿಂಗ್ ಮಾಡಿದ್ದರು. ಬೆಳಿಗ್ಗೆ ಹತ್ತಿಳಿದ ಜಾಗ ರಾತ್ರಿ ಟಿವಿಯಲ್ಲಿ ಕಂಡರೆ ಖುಷಿ ಅಲ್ವಾ?

ಹೊಸ 43 ಇಂಚಿನ ಟಿವಿ ಬಂದ ವಾರ ಡಿವಿಡಿ ಹಾಕಿದೆ. ಐದು ನಿಮಿಷಕ್ಕೇ ಅಮ್ಮ, "ಇದೇನೋ, ಎಲ್ರೂ ಊದ್ಕಂಡಾರಲ್ಲೋ!" ಅಂದರು.

ಹಳೆಯ ಸಾದಾ 35 ಎಂಎಂ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ 4:3, ಅಂದರೆ ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಈಗಿನ ಟಿವಿ 16:9. ಟಿವಿ ಸುಮ್ನೆ ಅಡ್ಡಕ್ಕೆ ಎಳೆದು ಪರದೆ ತುಂಬಿಸಿತ್ತು. ಖಚಿತ ಮಾಡಿಕೊಳ್ಳೋಣ ಅಂತ ಒಂದು ಕಪ್ಪು-ಬಿಳುಪು ಚಿತ್ರ ಹಾಕಿ, ಎತ್ತಿನ ಗಾಡಿ ನೇರ ಪಕ್ಕದಿಂದ ಕಂಡಾಗ ನಿಲ್ಲಿಸಿ, ಮಗಳ ಸ್ಕೇಲ್ ಹಿಡಿದೆ. ಚಕ್ರದ ಎತ್ತರ 12 ಸೆಂ.ಮೀ., ಅಗಲ 16! ದುಂಡಗಿರುವ ಯಾವ ವಸ್ತು ಸಿಕ್ಕರೂ ಸಾಕು, ಮೋಸ ಗೊತ್ತಾಗುತ್ತದೆ.

ಮೊದಲು ರಿಮೋಟ್‌ನಲ್ಲಿ ಜೂಮ್ ಒತ್ತಿದೆ. ಮುಖಗಳು ಸರಿಯಾದವು, ಆದರೆ ಮೇಲೆ ಕೆಳಗೆ ಸೇರಿ ಚಿತ್ರದ ಕಾಲು ಭಾಗವೇ ಹೋಯಿತು. ಕೋಟೆ ಇದೆ, ಮೇಲಿನ ಆಕಾಶ ಇಲ್ಲ. ಇದು ಎಳೆದದ್ದಕ್ಕಿಂತ ಕೆಟ್ಟದ್ದು ಅನ್ನಿಸಿತು. ಎಳೆದರೆ ಕಣ್ಣಿಗೆ ಗೊತ್ತಾಗುತ್ತದೆ, ಕತ್ತರಿಸಿದರೆ ಗೊತ್ತೇ ಆಗಲ್ಲ. ಕೊನೆಗೆ ಪಿಕ್ಚರ್ ಸೈಜ್‌ನಲ್ಲಿ 4:3 ಇಟ್ಟೆ. ಎರಡೂ ಪಕ್ಕ 12 ಸೆಂ.ಮೀ. ಕಪ್ಪು ಪಟ್ಟಿ. "ಅಷ್ಟು ದುಡ್ಡು ಕೊಟ್ಟಿದ್ದು ಕಪ್ಪು ನೋಡೋಕಾ?" ಅಂತ ಅಪ್ಪನ ತಕರಾರು. ಇವತ್ತಿಗೂ ಅವರು ಒಪ್ಪಿಲ್ಲ, ನಾನು ಬಿಟ್ಟಿಲ್ಲ.

ಕಂಪ್ಯೂಟರ್‌ನಲ್ಲಿ ಇನ್ನೂ ಸುಲಭ. ವಿಡಿಯೋ ನೋಡುವ ವಿಎಲ್‌ಸಿ ಸಾಫ್ಟ್‌ವೇರ್‌ನಲ್ಲಿ 'ಎ' ಕೀ ಒತ್ತುತ್ತಾ ಹೋದರೆ ಅನುಪಾತ ಬದಲಾಗುತ್ತದೆ, ಚಕ್ರ ದುಂಡಗಾದಾಗ ನಿಲ್ಲಿಸಿದರಾಯಿತು.

ಸ್ಕೋಪ್, ಅಂದರೆ ಅಗಲ ಪರದೆಯ ಸಿನಿಮಾಸ್ಕೋಪ್ ಚಿತ್ರಗಳದ್ದು ಉಲ್ಟಾ ಕಥೆ. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ 'ಕಾಗಜ್ ಕೆ ಫೂಲ್', ಕನ್ನಡಕ್ಕೆ ಅದು ಬಂದದ್ದು 1977ರಲ್ಲಿ, 'ಸೊಸೆ ತಂದ ಸೌಭಾಗ್ಯ'ದಿಂದ. ಇವುಗಳ ಅಗಲ ಎತ್ತರದ 2.35 ಪಟ್ಟು. ಹಾಗಾಗಿ ಪಟ್ಟಿ ಮೇಲೆ ಕೆಳಗೆ ಬರಬೇಕು. ಹಳೆಯ ಡಬ್ಬಾ ಟಿವಿಗೆ ಹೊಂದಲಿ ಅಂತ ಮಾಡಿದ ಸಿಡಿಗಳಲ್ಲಿ ಪಕ್ಕಗಳನ್ನೇ ಕತ್ತರಿಸಿರುತ್ತಿದ್ದರು. ಇಬ್ಬರು ಮಾತಾಡುವ ದೃಶ್ಯದಲ್ಲಿ ಒಬ್ಬರ ಮೂಗು, ಇನ್ನೊಬ್ಬರ ಕಿವಿ, ನಡುವೆ ಗೋಡೆ!

ಹೀಗೆ ಮೊದಲೇ ಕತ್ತರಿಸಿ ಮಾರಿದ್ದನ್ನು ಯಾವ ರಿಮೋಟೂ ಸರಿ ಮಾಡಲಾರದು. ಅದಕ್ಕೇ ನಾನು ಯಾವುದೇ ಹಳೆಯ ಡಿಸ್ಕ್ ಸಿಕ್ಕರೂ ಮೊದಲು ಟೈಟಲ್ ಕಾರ್ಡ್ ನೋಡುತ್ತೇನೆ. ಹೆಸರಿನ ಅಕ್ಷರ ಅಂಚಿನಲ್ಲಿ ತುಂಡಾಗಿದ್ದರೆ ಕವರ್ ಮೇಲೆ ಮಾರ್ಕರ್‌ನಿಂದ ಒಂದು ಅಡ್ಡಗೆರೆ. ನನ್ನ ಪೆಟ್ಟಿಗೆಯಲ್ಲಿ ಅಂಥವೇ ಜಾಸ್ತಿ.