ಬಾದಾಮಿಗೆ ಎರಡು ದಿನ: ಮೊದಲು ಬಿಸಿಲಿನ ಲೆಕ್ಕ, ಕೊನೆಗೆ ರೂಮು

ಬಾದಾಮಿ, ಬನಶಂಕರಿ, ಪಟ್ಟದಕಲ್ಲು, ಐಹೊಳೆ, ಮಹಾಕೂಟ. ಇಷ್ಟನ್ನೂ ಒಂದು ಶನಿವಾರ, ಭಾನುವಾರದೊಳಗೆ ಕಾರಿಲ್ಲದೆ ಮುಗಿಸುತ್ತೇನೆ ಅಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ಜೊತೆಗೆ ಮಂಡಿನೋವಿನ ಅತ್ತೆ, ಮಾವ, ಎರಡು ಮಕ್ಕಳು. ಷಡ್ಡಕರು ಫೋನ್ ಮಾಡಿ, "ನೋಡಪ್ಪ, ರೈಲು, ಆಟೊ, ಲಾಡ್ಜು ಅಂತ ವಯಸ್ಸಾದವರನ್ನ ಅಲೆದಾಡಿಸಬೇಡ. ಒಂದು ಇನ್ನೋವಾ ಮಾಡ್ಕೊಂಡು ಹೋಗು" ಅಂದರು. ಅವರು ಅದಕ್ಕೂ ಹಿಂದಿನ ವರ್ಷ ಕಾರಿನಲ್ಲೇ ಹೋಗಿಬಂದವರು. ನೋಡಿದ್ದು ಬಾದಾಮಿಯ ಗುಹೆ ಮತ್ತು ಅರ್ಧ ಪಟ್ಟದಕಲ್ಲು, ಅಷ್ಟೆ. ನಾವು ಐದೂ ನೋಡಿಕೊಂಡು, ಸೋಮವಾರ ಬೆಳಿಗ್ಗೆ ಮನೆಗೆ ಬಂದು, ನಾನು ಕೆಲಸಕ್ಕೂ ಹೋದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಐಆರ್‌ಸಿಟಿಸಿ, ಮ್ಯಾಪ್, ರೂಮ್ ಬುಕಿಂಗ್ ಆ್ಯಪ್ ಎಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಡೋಣ.

ಸಾಮಾನ್ಯವಾಗಿ ನಾವೆಲ್ಲ ಏನು ಮಾಡುತ್ತೇವೆ? ಮೊದಲು ರೂಮು ಬುಕ್ ಮಾಡುತ್ತೇವೆ. ಆಮೇಲೆ ಆ ರೂಮಿನ ಸುತ್ತ ಜಾಗಗಳನ್ನು ಹೊಂದಿಸುತ್ತೇವೆ. ಹಿಂದೆ ನಾನು ಬೇರೆಯವರ ಪ್ಲಾನ್ ಹಿಡಿದು ಹೋದಾಗೆಲ್ಲ ಕೆಟ್ಟಿದ್ದು ಇಲ್ಲೇ. ಒಮ್ಮೆ ಬಾಗಲಕೋಟೆಯಲ್ಲಿ ಉಳಿದೆವು. ದೊಡ್ಡ ಊರು, ಒಳ್ಳೆ ಹೋಟೆಲು ಸಿಗುತ್ತೆ ಅನ್ನುವುದು ಸ್ನೇಹಿತರ ಲೆಕ್ಕ. ಹೋಟೆಲೇನೋ ಒಳ್ಳೆಯದೇ. ಆದರೆ ಬಾದಾಮಿಗೆ ಹೋಗಲು ಒಂದು ಗಂಟೆ, ಬರಲು ಒಂದು ಗಂಟೆ. ಸಂಜೆ ಬಾದಾಮಿಯ ಕೆರೆ, ಅಂದರೆ ಅಗಸ್ತ್ಯ ತೀರ್ಥದ ದಡದಲ್ಲಿ ಕೂರಬೇಕಾದ ಹೊತ್ತಿನಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆವು. ಇನ್ನೊಮ್ಮೆ ಹಂಪಿ ಜೊತೆಗೆ ಸೇರಿಸಿದ ಪ್ಯಾಕೇಜು. ಹೊಸಪೇಟೆಯಿಂದ ಬಾದಾಮಿಗೆ ಸುಮಾರು 140 ಕಿಲೋಮೀಟರ್. ಬೆಳಿಗ್ಗೆ ಹೊರಟು ರಾತ್ರಿ ವಾಪಸ್. ಐಹೊಳೆಗೆ ಸಿಕ್ಕಿದ್ದು ಅರ್ಧ ಗಂಟೆ. ದುರ್ಗ ಗುಡಿಯ ಮುಂದೆ ಫೋಟೊ ತೆಗೆದುಕೊಂಡು ಓಡಿದ್ದಾಯಿತು. ಊರಾಚೆ ಈಜುಕೊಳ ಇರುವ ಜಾಗದಲ್ಲೂ ಇದ್ದು ನೋಡಿದ್ದೇನೆ. ಮಕ್ಕಳು ನೀರು ಬಿಟ್ಟು ಏಳಲೇ ಇಲ್ಲ. ಪ್ರತಿ ಸಲ ಊರೊಳಗೆ ಹೋಗಿಬರಲು ಆಟೊಗೆ ನೂರೈವತ್ತು. ರೂಮಿನ ಬಾಡಿಗೆ ಬಿಡಿ, ಆಟೊ ದುಡ್ಡೇ ಹೊಟ್ಟೆ ಉರಿಸಿತು.

ಈ ಸಲ ಉಲ್ಟಾ ಮಾಡಿದೆ. ಒಂದು ಹಾಳೆ ತೆಗೆದುಕೊಂಡು, ಯಾವ ಕಲ್ಲಿನ ಮೇಲೆ ಯಾವ ಹೊತ್ತಿಗೆ ಬಿಸಿಲು ಅಂತ ಬರೆದೆ. ಪಟ್ಟದಕಲ್ಲಿನ ವಿರೂಪಾಕ್ಷ, ಮಲ್ಲಿಕಾರ್ಜುನ ಎರಡೂ ಪೂರ್ವಕ್ಕೆ, ಮಲಪ್ರಭೆಯ ಕಡೆಗೆ ಮುಖ ಮಾಡಿವೆ. ಅಂದರೆ ಬೆಳಿಗ್ಗೆ. ಭೂತನಾಥ ಗುಡಿ ಬಾದಾಮಿ ಕೆರೆಯ ಪೂರ್ವದ ತುದಿಯಲ್ಲಿದೆ, ಮುಖ ಪಶ್ಚಿಮಕ್ಕೆ. ಅಂದರೆ ಸಂಜೆ. ಗುಹೆಗಳಲ್ಲಿ ಬೆಳಕಿಗಿಂತ ಮೆಟ್ಟಿಲಿನದೇ ಚಿಂತೆ, ಕಲ್ಲು ಕಾಯುವ ಮೊದಲು ಹತ್ತಿ ಇಳಿಯಬೇಕು. ಅದೂ ಬೆಳಿಗ್ಗೆ. ಇಷ್ಟು ಬರೆದ ಕೂಡಲೇ ಪ್ಲಾನು ತಾನೇ ಕೂತಿತು. ಬೆಳಿಗ್ಗೆಯ ಗುಹೆ, ಸಂಜೆಯ ಭೂತನಾಥ ಒಂದೇ ದಿನ. ಪಟ್ಟದಕಲ್ಲು ಮರುದಿನ ಬೆಳಿಗ್ಗೆ. ರೂಮು ಎಲ್ಲಿರಬೇಕು? ಗುಹೆಗೂ ಕೆರೆಗೂ ನಡೆದು ಹೋಗುವಷ್ಟು ಹತ್ತಿರ, ಬಾದಾಮಿ ಬಸ್‌ಸ್ಟ್ಯಾಂಡಿನ ಆಸುಪಾಸು. ಬೇರೆ ಎಲ್ಲೂ ಅಲ್ಲ.

ಈಗ ದುಡ್ಡಿನ ವಿಷಯ. ಬೆಂಗಳೂರಿನಿಂದ ಹುಬ್ಬಳ್ಳಿ, ಗದಗ ಮೇಲೆ ಹೋಗುವ ರಾತ್ರಿ ರೈಲು ಬೆಳಗಿನ ಜಾವಕ್ಕೇ ಬಾದಾಮಿಯಲ್ಲಿ ಇಳಿಸುತ್ತದೆ. ಸ್ಟೇಷನ್ನಿನಿಂದ ಊರು ಐದು ಕಿಲೋಮೀಟರ್. ದೊಡ್ಡ ಹೋಟೆಲುಗಳಲ್ಲಿ ಚೆಕ್‌ಇನ್ ಮಧ್ಯಾಹ್ನ ಹನ್ನೆರಡಕ್ಕೆ. ಶನಿವಾರ ಬೆಳಗಿನ ಆರಕ್ಕೆ ರೂಮು ಬೇಕಾದರೆ ಶುಕ್ರವಾರದ ಬಾಡಿಗೆಯೂ ಕೊಡಿ ಅನ್ನುತ್ತಾರೆ. ಭಾನುವಾರ ರಾತ್ರಿ ರೈಲಿನ ತನಕ ಇರಬೇಕಾದರೆ ಭಾನುವಾರದ್ದೂ ಸೇರುತ್ತದೆ. ಅಲ್ಲಿಗೆ ಮೂರು ದಿನದ ಬಾಡಿಗೆ ಆಯಿತಲ್ವಾ? ಹಳೆಯ ಲಾಡ್ಜುಗಳಲ್ಲಿ ಇನ್ನೂ 24 ಗಂಟೆ ಲೆಕ್ಕ ಇದೆ. ನೀವು ಎಷ್ಟು ಗಂಟೆಗೆ ಬಂದಿರೋ ಅಲ್ಲಿಂದ ಒಂದು ದಿನ. ಶನಿವಾರ ಆರಕ್ಕೆ ಒಳಗೆ ಹೋದರೆ ಸೋಮವಾರ ಆರರವರೆಗೆ ಎರಡೇ ದಿನ. ನಮ್ಮದು ಎರಡು ರೂಮು, ದಿನಕ್ಕೆ ಒಂದಕ್ಕೆ ಸುಮಾರು 1,300. ಈ ಒಂದು ಲೆಕ್ಕದಲ್ಲೇ ಎರಡೂವರೆ ಸಾವಿರ ಉಳಿಯಿತು. ಆ್ಯಪ್‌ಗಳಲ್ಲಿ ಇದು ಕಾಣುವುದೇ ಇಲ್ಲ. ಅಲ್ಲಿ ಎಲ್ಲದಕ್ಕೂ ಹನ್ನೆರಡು ಗಂಟೆ ಅಂತಲೇ ಇರುತ್ತದೆ. ಲಾಡ್ಜಿಗೆ ನೇರ ಫೋನ್ ಮಾಡಬೇಕು.

ಫೋನಿನಲ್ಲಿ ಏನು ಕೇಳಬೇಕು? "ಎಸಿ ಇದೆಯಾ" ಅನ್ನುವುದನ್ನು ಆಮೇಲೆ ಕೇಳಿ. ಬಿಸಿನೀರು ಸೋಲಾರಾ, ಗೀಸರಾ? ಸೋಲಾರ್ ಆದರೆ ಎಷ್ಟು ಗಂಟೆಯವರೆಗೆ ಬರುತ್ತದೆ? ಕೆಳಗಿನ ಅಂತಸ್ತಿನಲ್ಲಿ ಒಂದು ರೂಮು ಸಿಗುತ್ತದಾ? ಶೌಚಾಲಯ ಕಮೋಡಾ, ಇಂಡಿಯನ್ನಾ? ಮಂಡಿನೋವಿನವರು ಜೊತೆಗಿದ್ದರೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ. ಕಿಟಕಿ ರಸ್ತೆಗೋ, ಹಿಂದಕ್ಕೋ? ಬಸ್‌ಸ್ಟ್ಯಾಂಡಿನ ಹತ್ತಿರ ರಸ್ತೆ ಕಡೆಯ ರೂಮು ಹಿಡಿದರೆ ಬೆಳಗಿನ ಮೊದಲ ಬಸ್ಸಿನ ಹಾರ್ನಿಗೆ ನೀವೂ ಏಳುತ್ತೀರಿ. ಕೊನೆಗೆ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಅದಕ್ಕೆ ಬರುವ ಉತ್ತರದಲ್ಲೇ ಹಾಸಿಗೆ ಬಟ್ಟೆ ಹೇಗಿರುತ್ತದೆ ಅಂತ ಗೊತ್ತಾಗಿಬಿಡುತ್ತದೆ. ಆ ಪ್ರಶ್ನೆ ಏನು ಅಂತ ಇಲ್ಲಿ ಬರೆಯುವುದಿಲ್ಲ. ಎಲ್ಲರೂ ಕೇಳಲು ಶುರು ಮಾಡಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಲಾಡ್ಜಿನ ಹೆಸರೂ ಕೇಳಬೇಡಿ. ಅಲ್ಲಿರುವುದೇ ಬೆರಳೆಣಿಕೆಯ ರೂಮು.

ಶನಿವಾರ ಸ್ನಾನ, ತಿಂಡಿ ಮುಗಿಸಿ ಒಂಬತ್ತರ ಹೊತ್ತಿಗೆ ಗುಹೆಯ ಗೇಟಿನಲ್ಲಿದ್ದೆವು. ಕೈಯಲ್ಲಿ ಕವರ್, ಬಾಳೆಹಣ್ಣು ಹಿಡಿಯಬೇಡಿ. ಕೋತಿಗಳು ಬಿಡುವುದಿಲ್ಲ. ಮೊದಲ ಗುಹೆಗೆ ಮೆಟ್ಟಿಲು ಕಡಿಮೆ. 18 ಕೈಯ ನಟರಾಜ ಅಲ್ಲೇ ಹೊರಗಿನ ಬಂಡೆಯಲ್ಲೇ ಸಿಗುತ್ತಾನೆ. ಅತ್ತೆಗೆ ಅಷ್ಟು ಸಾಕು ಅಂದುಕೊಂಡಿದ್ದೆ. ಅವರು ನಿಧಾನಕ್ಕೆ ಕೂತು ಎದ್ದು ಮೂರನೆಯದರವರೆಗೂ ಬಂದರು. ಚಾಲುಕ್ಯರ ಮಂಗಲೇಶ 578ರಲ್ಲಿ ಶಾಸನ ಬರೆಸಿದ ಗುಹೆ ಅದು. ಅಲ್ಲಿ ಹೆಡೆಯ ಕೆಳಗೆ ಕೂತ ವಿಷ್ಣುವಿನ ಎದುರು ಅರ್ಧ ಗಂಟೆ ಕೂತೆವು. ಹನ್ನೊಂದರ ನಂತರ ಬಸ್ಸುಗಟ್ಟಲೆ ಶಾಲೆ ಮಕ್ಕಳು ಬಂದರು. ಅಷ್ಟರಲ್ಲಿ ನಾವು ಕೆಳಗಿಳಿದಿದ್ದೆವು.

ಮಧ್ಯಾಹ್ನದ ಊಟಕ್ಕೆ ಬನಶಂಕರಿ. ಬಾದಾಮಿಯಿಂದ ಐದು ಕಿಲೋಮೀಟರ್. ದರ್ಶನ ಆದ ಮೇಲೆ ಹೊಂಡದ ಹತ್ತಿರ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಹತ್ತಿರ ಜೋಳದ ರೊಟ್ಟಿ, ಪಲ್ಯ, ಕೆಂಪು ಚಟ್ನಿ, ಪುಟ್ಟ ಗಡಿಗೆಯಲ್ಲಿ ಕೆನೆ ಮೊಸರು. ಆರು ಜನ ಹೊಟ್ಟೆ ತುಂಬ ತಿಂದರೂ ಹೋಟೆಲಿನ ಅರ್ಧದಷ್ಟೂ ಆಗಲಿಲ್ಲ. ಒಂದು ಎಚ್ಚರಿಕೆ. ಬನದ ಹುಣ್ಣಿಮೆಯ ಜಾತ್ರೆ ಸಾಮಾನ್ಯವಾಗಿ ಜನವರಿಯಲ್ಲಿ ಬರುತ್ತದೆ. ಆಗ ರೂಮು ಸಿಗುವುದೂ ಕಷ್ಟ, ಸಿಕ್ಕರೆ ಬಾಡಿಗೆಯೂ ಏರಿರುತ್ತದೆ. ಜಾತ್ರೆ ಮತ್ತು ಕಂಪನಿ ನಾಟಕ ನೋಡಲೆಂದೇ ಹೋಗುವುದಾದರೆ ಅದು ಬೇರೆ ಮಾತು. ಆ ಪ್ಲಾನೇ ಬೇರೆ.

ಎರಡು ಗಂಟೆ ರೂಮಿನಲ್ಲಿ ಮಲಗಿದೆವು. ಬಿಸಿಲಿನಲ್ಲಿ ಅಲೆಯದೆ ಮಲಗುವುದಕ್ಕೇ ರೂಮು ಹತ್ತಿರ ಬೇಕು ಅನ್ನುವುದು. ನಾಲ್ಕಕ್ಕೆ ಎದ್ದು ಕೆರೆಯ ಉತ್ತರ ದಡದ ಮ್ಯೂಸಿಯಂ ನೋಡಿಕೊಂಡು ಭೂತನಾಥಕ್ಕೆ. ಶುಕ್ರವಾರ ಮ್ಯೂಸಿಯಂ ರಜ, ನೆನಪಿರಲಿ. ಐದೂವರೆ ಸುಮಾರಿಗೆ ಬಿಸಿಲು ನೇರ ಗುಡಿಯ ಮೇಲೆ ಬಿತ್ತು. ಕೆಂಪು ಬಂಡೆ, ಕೆಂಪು ಗುಡಿ, ಹಸಿರು ನೀರು. ಅತ್ತೆ ನಿವೃತ್ತ ಕನ್ನಡ ಮೇಡಂ. ತಟ್ಟುಕೋಟೆ ಕಡೆಯ ಬಂಡೆಯಲ್ಲಿ ಹಳೆಯ ತ್ರಿಪದಿಗಳಿರುವ ಕಪ್ಪೆ ಅರಭಟ್ಟನ ಶಾಸನ ಇದೆ ಅಂತ ಹೇಳಿದ್ದೇ ತಪ್ಪಾಯಿತು. "ನಾನು ಎಷ್ಟು ವರ್ಷ ತ್ರಿಪದಿ ಪಾಠ ಮಾಡಿದ್ದೀನಿ, ಬಂಡೆ ನೋಡದೆ ಹೋಗ್ತೀನಾ?" ಅಂದರು. ಮಂಡಿನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. "ಸಾಧುಗೆ ಸಾಧು" ಅಂತ ಅವರು ರಾಗವಾಗಿ ಹೇಳುವಾಗ ಅಲ್ಲಿ ಆಡುತ್ತಿದ್ದ ಹುಡುಗರು ಕ್ರಿಕೆಟ್ ನಿಲ್ಲಿಸಿ ಬಂದು ನಿಂತರು.

ಮಳೆಗಾಲ ಮುಗಿಯುತ್ತಿರುವಾಗ ಹೋದರೆ ಈ ಗುಡ್ಡದಿಂದಲೇ ಅಕ್ಕ ತಂಗಿ ಜಲಪಾತ ಇಳಿಯುತ್ತದೆ. ನವೆಂಬರ್ ದಾಟಿದರೆ ನೀರು ಸಿಗುವುದಿಲ್ಲ, ಹವೆ ಸಿಗುತ್ತದೆ. ಏಪ್ರಿಲ್ ರಜೆಯಲ್ಲಿ ಮಾತ್ರ ಯಾರು ಕರೆದರೂ ಹೋಗಬೇಡಿ. ಚಪ್ಪಲಿ ಬಿಟ್ಟು ಕಾದ ಕಲ್ಲಿನ ಮೇಲೆ ನಡೆಯುವುದಿದೆಯಲ್ಲ, ಅದು ಹೆಂಚಿನ ಮೇಲಿನ ರೊಟ್ಟಿಯ ಪಾಡು. ಹಳೆಯ ದಪ್ಪ ಸಾಕ್ಸ್ ಬ್ಯಾಗಿನಲ್ಲಿರಲಿ.

ಭಾನುವಾರದ ಗಾಡಿ ಮಾತ್ರ ಶನಿವಾರ ಬೆಳಿಗ್ಗೆಯೇ ಹೇಳಿಟ್ಟಿದ್ದೆ. ಸ್ಟೇಷನ್ನಿನಿಂದ ಕರೆತಂದ ಟಂಟಂ (ದೊಡ್ಡ ಆಟೊ) ನವರೇ. ಪಟ್ಟದಕಲ್ಲು, ಐಹೊಳೆ, ಮಹಾಕೂಟ, ಕಾಯುವುದೂ ಸೇರಿ ಸುಮಾರು ಎರಡು ಸಾವಿರಕ್ಕೆ ಒಪ್ಪಿದರು. ಕಾರಿನವರು ಮೂರೂವರೆ ಕೇಳಿದ್ದರು. ಆದರೆ ಕ್ರಮ ಹೇಳಿದಾಗ ಟಂಟಂನವರಿಗೆ ಸರಿಬರಲಿಲ್ಲ. "ಏನ್ರೀ ಸರ, ಎಲ್ಲಾರೂ ಮೊದಲ ಐಹೊಳಿ ಮಾಡಿ ಆಮೇಲೆ ಪಟ್ಟದಕಲ್ಲಿಗೆ ಬರ್ತಾರ್ರೀ. ನೀವು ಉಲ್ಟಾ ಹೇಳಾಕತ್ತೀರಿ" ಅಂದರು. ದೂರದ್ದನ್ನು ಮೊದಲು ಮುಗಿಸುವುದು ಡ್ರೈವರ್ ಲೆಕ್ಕ. ನಮ್ಮದು ಬಿಸಿಲಿನ ಲೆಕ್ಕ. ಬಾದಾಮಿಯಿಂದ ಪಟ್ಟದಕಲ್ಲು 22 ಕಿಲೋಮೀಟರ್, ಅಲ್ಲಿಂದ ಐಹೊಳೆ ಇನ್ನು ಹದಿಮೂರೋ ಹದಿನಾಲ್ಕೋ. ದಾರಿ ಎರಡಕ್ಕೂ ಒಂದೇ, ಡೀಸೆಲ್ಲೇನೂ ಜಾಸ್ತಿ ಆಗುವುದಿಲ್ಲ ಅಂದೆ.

ಏಳಕ್ಕೆಲ್ಲ ಪಟ್ಟದಕಲ್ಲಿನಲ್ಲಿದ್ದೆವು. ಇಡೀ ಆವರಣದಲ್ಲಿ ನಾವು, ಪೂಜೆಗೆ ಬಂದ ಊರಿನ ಇಬ್ಬರು, ಅಷ್ಟೆ. ವಿರೂಪಾಕ್ಷದ ಮುಖಮಂಟಪದ ಕಂಬಗಳಿಗೆ ಆ ಹೊತ್ತಿನ ಓರೆ ಬಿಸಿಲು ಬೀಳಬೇಕು. ಮಧ್ಯಾಹ್ನ ಬಂದರೆ ಅದೇ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಇಮ್ಮಡಿ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ. ಗೆದ್ದವನಿಗಿಂತ ಕಟ್ಟಿಸಿದವಳ ಕೆಲಸ ಜಾಸ್ತಿ ಬಾಳಿದೆ ಅನ್ನುವುದು ನಮ್ಮಾಕೆಯ ತೀರ್ಪು. ಪಾಪನಾಥ ಸ್ವಲ್ಪ ದೂರ ಇದೆ ಅಂತ ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಗೋಡೆಯ ಮೇಲೆ ರಾಮಾಯಣ ಇದೆ, ಮಕ್ಕಳಿಗೆ ಗುರುತು ಹಿಡಿಯುವ ಆಟ. ಟಿಕೆಟ್ ದೊಡ್ಡವರಿಗೆ 40 ಇತ್ತು. ಗುಹೆಗೆ, ಐಹೊಳೆಗೆ 25. ಹದಿನೈದರೊಳಗಿನ ಮಕ್ಕಳಿಗೆ ಇಲ್ಲ.

ಐಹೊಳೆಯಲ್ಲಿ ಎಲ್ಲವನ್ನೂ ನೋಡುತ್ತೇನೆ ಅಂತ ಹೊರಟರೆ ಎರಡು ದಿನವೂ ಸಾಲದು. ಗುಡಿಗಳು ನೂರರ ಮೇಲಿವೆ. ನಾವು ದುರ್ಗ ಗುಡಿ, ಲಾಡಖಾನ್, ರಾವಣಫಡಿ ಅಂತ ಮೂರನ್ನೇ ಆರಿಸಿಕೊಂಡೆವು. ರಾವಣಫಡಿಯಲ್ಲಿ ಸಪ್ತಮಾತೃಕೆಯರ ಜೊತೆ ಕುಣಿಯುವ ಶಿವನಿಗೆ ಟಾರ್ಚ್ ಬೇಕು, ಮೊಬೈಲಿನದು ಸಾಕು. ಮೇಗುಟಿ ಬೆಟ್ಟಕ್ಕೆ ನಾನು ಮತ್ತು ದೊಡ್ಡ ಮಗ ಮಾತ್ರ ಹತ್ತಿದೆವು. ಪುಲಕೇಶಿಯನ್ನು ಹೊಗಳಿ ರವಿಕೀರ್ತಿ ಬರೆದ 634ರ ಶಾಸನ ಅಲ್ಲಿದೆ. ಉಳಿದವರು ಮರದ ಕೆಳಗೆ ಕಡಲೆಕಾಯಿ ತಿಂದರು.

ಮಹಾಕೂಟ ಕೊನೆಗೆ. ನಾಲ್ಕರ ನಂತರ. ಬಟ್ಟೆ ಒಂದು ಜೊತೆ ಗಾಡಿಯಲ್ಲೇ ಇತ್ತು, ಮಕ್ಕಳು ಪುಷ್ಕರಣಿಗೆ ಇಳಿದರು. ಬುಗ್ಗೆಯ ನೀರು, ದುಡ್ಡಿಲ್ಲ. ಈಜುಕೊಳದ ಹೋಟೆಲಿಗೆ ಸುರಿದ ದುಡ್ಡು ನೆನಪಾಯಿತು. ಹಿಂದೊಮ್ಮೆ ನಾನೊಬ್ಬನೇ ಬಾದಾಮಿಯಿಂದ ಗುಡ್ಡದ ಕಾಲುದಾರಿಯಲ್ಲಿ ಇಲ್ಲಿಗೆ ನಡೆದು ಬಂದಿದ್ದೆ. ಹಳೆ ಬಾಗಿಲಿನ ಎರಡೂ ಕಡೆ ನಿಂತ ಎಲುಬುಗೂಡಿನ ಕಾಲ, ಕಾಳಿಯರು ಆ ದಾರಿಯವರಿಗೇ ಮೊದಲು ಎದುರಾಗುತ್ತಾರೆ. ಚಳಿಗಾಲದಲ್ಲಿ ಗಟ್ಟಿ ಕಾಲಿನವರು ಪ್ರಯತ್ನಿಸಿ. ಬರೀ ಬಸ್ಸಿನಲ್ಲೂ ಇಡೀ ಸುತ್ತು ಮಾಡಿ ನೋಡಿದ್ದೇನೆ. ಪಟ್ಟದಕಲ್ಲಿನವರೆಗೆ ಅಡ್ಡಿಯಿಲ್ಲ. ಅಲ್ಲಿಂದ ಐಹೊಳೆ ಬಸ್ಸಿಗೆ ಕಾದು ಕಾದು ಅರ್ಧ ದಿನ ಹೋಗುತ್ತದೆ. ಇನ್ನೂರು ಮುನ್ನೂರು ಉಳಿಸಲು ಅದು ಬೇಡ.

ಆರಕ್ಕೆ ರೂಮಿಗೆ. ಸ್ನಾನ, ಖಾನಾವಳಿಯಲ್ಲಿ ಎಣ್ಣೆಗಾಯಿ ಊಟ, ರಾತ್ರಿ ರೈಲು.

ಲೆಕ್ಕ: ಆರು ಜನಕ್ಕೆ ಸ್ಲೀಪರ್ ಹೋಗಿಬರಲು ನಾಲ್ಕೂವರೆ ಸಾವಿರ, ರೂಮು ಐದು ಸಾವಿರದ ಚಿಲ್ಲರೆ, ಓಡಾಟ ಮೂರು, ಊಟ ತಿಂಡಿ ನಾಲ್ಕೂವರೆ, ಟಿಕೆಟ್ಟು, ಕಾಣಿಕೆ ಎಲ್ಲ ಸೇರಿ ಐನೂರು. ಹದಿನೇಳು, ಹದಿನೆಂಟು ಸಾವಿರದೊಳಗೆ. ಷಡ್ಡಕರಿಗೆ ನಾಲ್ಕು ಜನಕ್ಕೆ ಮೂವತ್ತು ದಾಟಿತ್ತು. ಅವರು ಈಗ ನನ್ನ ಹಾಳೆಯನ್ನು ತಮ್ಮ ಆಫೀಸಿನವರಿಗೆಲ್ಲ ಕೊಡುತ್ತಿದ್ದಾರೆ, ನನ್ನ ಹೆಸರು ಮಾತ್ರ ಹೇಳುವುದಿಲ್ಲ.

ಇದೇ ಲೆಕ್ಕವನ್ನು ಹಾಸನದ ಸುತ್ತಲಿನ ಹೊಯ್ಸಳ ಹಳ್ಳಿಗಳಿಗೆ ಹಾಕಿ ನೋಡಿದೆ. ದೊಡ್ಡಗದ್ದವಳ್ಳಿ, ಕೋರವಂಗಲ, ಮೊಸಳೆ, ಹಾರನಹಳ್ಳಿ. ಬಿಸಿಲಿನ ಹಾಳೆ ಅಲ್ಲಿ ಅರ್ಧ ಮಾತ್ರ ನಡೆಯುತ್ತದೆ. ಸಣ್ಣ ಊರಿನ ಗುಡಿಗೆ ಬೀಗ ಬಿದ್ದಿದ್ದರೆ ಸೂರ್ಯ ಎಲ್ಲಿದ್ದರೇನು? ಅರ್ಚಕರು ಯಾವಾಗ ಬರುತ್ತಾರೆ, ಬೀಗದ ಕೈ ಯಾರ ಮನೆಯಲ್ಲಿದೆ ಅನ್ನುವುದನ್ನು ಹಿಂದಿನ ದಿನವೇ ತಿಳಿದುಕೊಂಡು ಆಮೇಲೆ ಕ್ರಮ ಬರೆಯಬೇಕು. ಹಾಸನದಲ್ಲಿ ಉಳಿಯುವುದೋ, ಅರಸೀಕೆರೆಯಲ್ಲೋ ಅಂತ ಇನ್ನೂ ತೂಗುತ್ತಿದ್ದೇನೆ. ಸದ್ಯಕ್ಕೆ ಅರಸೀಕೆರೆ ಕಡೆಗೇ ಮನಸ್ಸಿದೆ. ರೈಲಿಳಿದರೆ ಊರೊಳಗೇ ಇರುತ್ತೀವಿ, ಹಾರನಹಳ್ಳಿಯೂ ಹತ್ತಿರ.