ದಿನಕ್ಕೆ ಎರಡು ಲೋಟ ಗಂಜಿ: 73ರ ಅತ್ತೆಗೆ ಆರು ಕಿಲೋ ಕೂಡಿದ ಲೆಕ್ಕ

ನ್ಯುಮೋನಿಯಾ ಆಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮೇ ತಿಂಗಳಲ್ಲಿ ಮನೆಗೆ ಬಂದಾಗ ಅತ್ತೆಯವರ ತೂಕ 41.5 ಕಿಲೋ. ಕಾಯಿಲೆಗೆ ಮುಂಚೆ 51ರ ಆಸುಪಾಸು ಇತ್ತು. ಈಗ ಡಿಸೆಂಬರ್, ತೂಕ 47.8. ಮೇ, ಜೂನ್ ಎರಡೂ ತಿಂಗಳು ದಂಡ. ಏರಿದ್ದು ಬಹುಪಾಲು ಜುಲೈನಿಂದ ಈಚೆಗೆ. "ಎಪ್ಪತ್ತು ದಾಟಿದ ಮೇಲೆ ಮೈ ಹಿಡಿಯಲ್ಲ ಬಿಡಿ, ಸುಮ್ಮನೆ ಯಾಕೆ ಒತ್ತಾಯ ಮಾಡ್ತೀರಿ" ಎಂದು ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಹೇಳದವರಿಲ್ಲ. ಅವರೇ ಈಗ ಗಂಜಿಯ ಅಳತೆ ಬರೆಸಿಕೊಂಡು ಹೋಗುತ್ತಿದ್ದಾರೆ.

ದಂಡವಾದ ಎರಡು ತಿಂಗಳ ಲೆಕ್ಕ ಮೊದಲು. ಹಾಲಿಗೆ ಬೆರೆಸುವ ಡಬ್ಬಿ ಪುಡಿ, 400 ಗ್ರಾಂಗೆ ಏಳೂವರೆ ನೂರು. ಆರು ಡಬ್ಬಿ ಖಾಲಿಯಾದವು, ಅಂದರೆ ನಾಲ್ಕೂವರೆ ಸಾವಿರ. ತೂಕ ಏರಿದ್ದು ಮುನ್ನೂರು-ನಾನೂರು ಗ್ರಾಂ. ಪುಡಿಯದೇ ತಪ್ಪು ಅನ್ನಲಾರೆ. ಅದನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುತ್ತಿದ್ದೆ, ಹೊಟ್ಟೆ ತುಂಬಿ ಊಟ ಅರ್ಧಕ್ಕೆ ನಿಲ್ಲುತ್ತಿತ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಕುಡಿಯುವುದು ಏನೇ ಇದ್ದರೂ ಊಟಕ್ಕೂ ಅದಕ್ಕೂ ಎರಡು ಗಂಟೆ ಅಂತರ ಇರಲಿ. ಚಹಾಕ್ಕೂ ಇದೇ ನಿಯಮ.

ಕಾಯಿಲೆ ಬಿದ್ದೆದ್ದ ಹಿರಿಯರ ಹೊಟ್ಟೆಗೆ ಹಿಡಿಸುವುದು ಒಂದು ಲೋಟ, ಒಂದು ಸಣ್ಣ ಬಟ್ಟಲು. ಆ ಅಳತೆಯನ್ನು ಹಿಗ್ಗಿಸಲು ಹೋದರೆ ವಾಂತಿ, ಇಲ್ಲವೇ ಜಗಳ. ಲೋಟ ಅಷ್ಟೇ ಇರಲಿ, ಒಳಗಿನ ಸರಕು ಮೂರು ಪಟ್ಟು ಆಗಲಿ ಎಂದು ಹೊರಟಿದ್ದೇ ಕೈ ಹಿಡಿಯಿತು. ನಾವು ಸಾಮಾನ್ಯವಾಗಿ ಮಾಡುವ ರಾಗಿ ಗಂಜಿಯಲ್ಲಿ ಹಿಟ್ಟು 20 ಗ್ರಾಂ, ಸ್ವಲ್ಪ ಬೆಲ್ಲ, ಸ್ವಲ್ಪ ಹಾಲು. ಲೋಟಕ್ಕೆ 140 ಕ್ಯಾಲರಿ ದಾಟುವುದಿಲ್ಲ. ಹಿಟ್ಟು 50 ಗ್ರಾಂ ಹಾಕಿದರೆ ಮುದ್ದೆಯಾಗುತ್ತದೆ, ಗಂಟಲಿಗಿಳಿಯುವುದಿಲ್ಲ. ಇಲ್ಲಿಗೆ ಬಂದು ಎಲ್ಲರೂ ಸೋಲುವುದು.

ಈ ಗಂಟು ಬಿಡಿಸಿದ್ದು ಮೊಳಕೆ ರಾಗಿ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಬೆಂದ ಪಿಷ್ಟವನ್ನು ಕತ್ತರಿಸಿ ಮುದ್ದೆಯನ್ನು ತೆಳ್ಳಗೆ ಮಾಡುತ್ತದೆ. ಹೊಸ ವಿದ್ಯೆಯೇನಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ಯವರು 1980ರ ದಶಕದಲ್ಲೇ ಮೊಳಕೆ ರಾಗಿ, ಹೆಸರುಕಾಳು ಸೇರಿಸಿ ಎಳೆ ಮಕ್ಕಳಿಗೆ ಆಹಾರ ಮಾಡಿದ್ದರು. ಮಕ್ಕಳಿಗೆ ಆಗುವುದು ಮುದುಕರಿಗೆ ಯಾಕಾಗಬಾರದು?

ಲೋಟಕ್ಕೆ ಅಳತೆ ಹೀಗೆ. ಮಾಮೂಲಿ ರಾಗಿ ಹಿಟ್ಟು 45 ಗ್ರಾಂ, ನೀರು ಸುಮಾರು 200 ಮಿಲಿ. ಗಂಟಿಲ್ಲದೆ ಕಲಸಿ ಪೂರ್ತಿ ಬೇಯಿಸಿ, ಸೌಟು ನಿಲ್ಲುವಷ್ಟು ಗಟ್ಟಿಯಾಗಲಿ. ಒಲೆಯಿಂದ ಇಳಿಸಿ 65 ಡಿಗ್ರಿಗೆ ಬರುವವರೆಗೆ ಕಾಯಿರಿ. ಅಡುಗೆಯ ಥರ್ಮಾಮೀಟರ್ ಮುನ್ನೂರು ರೂಪಾಯಿಗೆ ಸಿಗುತ್ತದೆ, ಅಂದಾಜಿಗೆ ಹೋಗಬೇಡಿ. ಈಗ ಮೊಳಕೆ ರಾಗಿ ಒಣಗಿಸಿ ಮಾಡಿದ ಹಿಟ್ಟು ಒಂದು ಚಮಚ, 5 ಗ್ರಾಂ, ಹಾಕಿ ಕಲಕಿ. ಮೊದಲ ನಿಮಿಷ ಏನೂ ಕಾಣುವುದಿಲ್ಲ. ಮೂರನೆಯ ನಿಮಿಷಕ್ಕೆ ಸೌಟಿನ ಸುತ್ತ ಅಂಚು ಸಡಿಲವಾಗುತ್ತದೆ, ಗಂಜಿಯ ಮೇಲೆ ಹೊಳಪು ಬರುತ್ತದೆ, ಸೌಟು ತಾನಾಗಿ ವಾಲುತ್ತದೆ. ಮುಚ್ಚಿ ಹತ್ತು ನಿಮಿಷ ಬಿಟ್ಟರೆ ಮಜ್ಜಿಗೆಯ ಹಾಗೆ ಸುರಿಯುತ್ತದೆ. ಮತ್ತೆ ಎರಡು ನಿಮಿಷ ಕುದಿಸಿ. ಇಲ್ಲದಿದ್ದರೆ ಕಿಣ್ವ ಕೆಲಸ ನಿಲ್ಲಿಸುವುದಿಲ್ಲ, ಗಂಜಿ ನೀರುನೀರಾಗಿ ಅಂಟುಸಿಹಿ ಬರುತ್ತದೆ. ಆಮೇಲೆ ಕೆನೆ ತೆಗೆಯದ ಹಾಲಿನ ಪುಡಿ 15 ಗ್ರಾಂ, ಹುರಿದ ಶೇಂಗಾ ಪುಡಿ 15 ಗ್ರಾಂ, ಬೆಲ್ಲ 15 ಗ್ರಾಂ, ತುಪ್ಪ ಎರಡು ಚಮಚ. ಒಟ್ಟು 450ರ ಮೇಲೆ ಕ್ಯಾಲರಿ, ಪ್ರೋಟೀನು ಹನ್ನೊಂದು ಗ್ರಾಂ ಹತ್ತಿರ. ಬೆಳಿಗ್ಗೆ ಹನ್ನೊಂದಕ್ಕೆ ಒಂದು ಲೋಟ, ಸಂಜೆ ಐದಕ್ಕೆ ಒಂದು. ಏಲಕ್ಕಿಯ ಜೊತೆ ಇನ್ನೊಂದು ಪುಡಿ ಬೀಳುತ್ತದೆ, ಬಾಯಿ ಕೆಟ್ಟವರಿಗೂ ಅದರಿಂದ ಲೋಟ ಖಾಲಿಯಾಗುತ್ತದೆ. ಆ ಪುಡಿ ನಮ್ಮ ಮನೆಯದು, ನಮ್ಮ ಮನೆಯಲ್ಲೇ ಇರಲಿ.

ಕೆಟ್ಟದ್ದು ಎಲ್ಲೆಲ್ಲಿ ಅಂದರೆ: ಮೊದಲು ಅಂಗಡಿಯ ರಾಗಿ ಮಾಲ್ಟ್ ತಂದೆ. ಕೆಲಸವೇ ಮಾಡಲಿಲ್ಲ, ಯಾಕೆಂದರೆ ಘಮ ಬರಲೆಂದು ಅದನ್ನು ಚೆನ್ನಾಗಿ ಹುರಿದಿರುತ್ತಾರೆ, ಕಿಣ್ವ ಅಲ್ಲೇ ಸತ್ತಿರುತ್ತದೆ. ನಂತರ ಮನೆಯಲ್ಲೇ ಮೊಳಕೆ ಕಟ್ಟಿ, ಅಭ್ಯಾಸಬಲದಿಂದ ನಾನೂ ಕೆಂಪಗೆ ಹುರಿದೆ. ಅದೂ ಹೋಯಿತು. ಮೂರನೆಯ ಸಲ ಕುದಿಯುವ ಗಂಜಿಗೇ ಹಾಕಿದೆ, ಮತ್ತೆ ಅದೇ ಕಥೆ. ಬಾಣಲೆ ಮುಟ್ಟಿದರೆ ಬೆಚ್ಚಗಿರಬೇಕು, ಅಷ್ಟೇ ಹುರಿಯುವುದು.

ಮೊಳಕೆಗೆ ಹನ್ನೆರಡು ಗಂಟೆ ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ 36ರಿಂದ 48 ಗಂಟೆ. ಮುಂಬೈ ಸೆಖೆಯಲ್ಲಿ ಆರು ಗಂಟೆಗೊಮ್ಮೆ ಗಂಟು ಬಿಚ್ಚಿ ತೊಳೆಯದಿದ್ದರೆ ಹುಳಿ ವಾಸನೆ ಹೊಡೆಯುತ್ತದೆ. ನಿಜವಾದ ಕಷ್ಟ ಒಣಗಿಸುವುದು. ಜುಲೈಯಲ್ಲಿ ಇಲ್ಲಿ ಬಿಸಿಲೆಲ್ಲಿ? ಒಂದು ಕಿಲೋ ಮೊಳಕೆ ಪೂರ್ತಿ ಬೂಷ್ಟು ಹಿಡಿದು ಎಸೆದೆ. ಬೂಷ್ಟು ಹಿಡಿದ ಕಾಳನ್ನು ಹುರಿದು ಬಳಸುವ ಸಾಹಸ ಬೇಡ, ಶೇಂಗಾಕ್ಕೂ ಇದೇ ಮಾತು. ಬೂಷ್ಟಿನ ವಿಷ ಹುರಿದರೆ ಹೋಗುವುದಿಲ್ಲ. ಕೊನೆಗೆ ನೂಲಿನ ಮಂಚದ ಮೇಲೆ ತೆಳು ಪಂಚೆ ಬಿಗಿಯಾಗಿ ಹಾಸಿ, ಮೇಲೊಂದು ಫ್ಯಾನು, ಅಡಿಯಲ್ಲೊಂದು ಟೇಬಲ್ ಫ್ಯಾನು ಇಟ್ಟು ಎರಡು ರಾತ್ರಿ. ಕಾಲು ಕಿಲೋಗಿಂತ ಹೆಚ್ಚು ಹರಡಬಾರದು. ಒಣಗಿದ ಮೇಲೆ ಅಂಗೈಯಲ್ಲಿ ಉಜ್ಜಿ ಬೇರು ಕೇರಿ ತೆಗೆದು, ಮಿಕ್ಸರಿನಲ್ಲಿ ಬಿಟ್ಟುಬಿಟ್ಟು ತಿರುಗಿಸಿ. ಗಿರಣಿಗೆ ಕೊಟ್ಟರೆ ಹಿಂದಿನವರ ಗೋಧಿ ಬೆರೆಯುತ್ತದೆ. 200 ಗ್ರಾಂ ಪುಡಿ ಇಪ್ಪತ್ತು ದಿನಕ್ಕೆ ಸಾಕು.

ಜೋಳದಲ್ಲೂ ಮಾಡಿ ನೋಡಿದೆ. ಜೋಳದ ಮೊಳಕೆಯಲ್ಲಿ ಸೈನೈಡ್ ಬಿಡುವ ಅಂಶ ಇರುತ್ತದೆ, ಚಿಗುರು ಬೇರು ಪೂರ್ತಿ ಉಜ್ಜಿ ತೆಗೆಯಬೇಕು. ಅಷ್ಟು ಮಾಡಿದರೂ ರಾಗಿಯ ಅರ್ಧದಷ್ಟು ಶಕ್ತಿ ಇರಲಿಲ್ಲ; ಕೈಬಿಟ್ಟೆ. ಗೋಧಿ ಮೊಳಕೆ ಚೆನ್ನಾಗಿ ಕೆಲಸ ಮಾಡಿತು. ಹೆಸರುಬೇಳೆ ಹುಗ್ಗಿ ಗಟ್ಟಿಯಾದಾಗ ಇದೇ ರಾಗಿ ಪುಡಿ ಅರ್ಧ ಚಮಚ ಹಾಕಿದರೆ ಅದೂ ಇಳಿಯುತ್ತದೆ, ನೀರು ಸುರಿದು ಸಪ್ಪೆ ಮಾಡಬೇಕಿಲ್ಲ.

ಮೂರು ಎಚ್ಚರಿಕೆ, ಇವನ್ನು ಹಾರಿಸಬೇಡಿ. ಪಾರ್ಶ್ವವಾಯು ಆದವರು, ನೀರು ಕುಡಿದರೆ ಕೆಮ್ಮು ಬರುವವರು, ಇವರಿಗೆ ತೆಳ್ಳಗಿನದೇ ಅಪಾಯ, ಶ್ವಾಸಕೋಶಕ್ಕೆ ಇಳಿಯುತ್ತದೆ. ಅವರಿಗೆ ಈ ಉಪಾಯ ಬೇಡವೇ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲ ಬಿಟ್ಟರೂ ಸಾಲದು, ಒಡೆದ ಪಿಷ್ಟ ರಕ್ತಕ್ಕೆ ಬೇಗ ಏರುತ್ತದೆ. ಡಾಕ್ಟರನ್ನು ಕೇಳಿ, ಮೀಟರಿನಲ್ಲಿ ನೋಡಿ ಕೊಡಬೇಕು. ವಾರಗಟ್ಟಲೆ ಏನೂ ತಿನ್ನದವರಿಗೆ ಒಮ್ಮೆಗೇ ಇಷ್ಟು ಕೊಟ್ಟರೆ ರಕ್ತದ ಪೊಟ್ಯಾಶಿಯಂ, ಫಾಸ್ಫೇಟ್ ಕುಸಿದು ಜೀವಕ್ಕೇ ಬರಬಹುದು. ಅಂಥವರಿಗೆ ಮೊದಲ ವಾರದ ಅಳತೆಯನ್ನು ಡಾಕ್ಟರೇ ಹೇಳಬೇಕು.

ಪ್ರೋಟೀನು ಬೇರೆ ಲೆಕ್ಕ. ಕಾಯಿಲೆಯಿಂದ ಎದ್ದ ಹಿರಿಯರಿಗೆ ಕಿಲೋ ತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ, ಅತ್ತೆಯವರಿಗೆ 50-60 ಗ್ರಾಂ ಬೇಕಿತ್ತು. ಕಿಡ್ನಿ ತೊಂದರೆ ಇದ್ದವರಿಗೆ ಈ ಅಳತೆ ಅಲ್ಲ, ಕಿಡ್ನಿಯ ರಕ್ತಪರೀಕ್ಷೆ ಕ್ರಿಯಾಟಿನಿನ್ ಡಾಕ್ಟರಿಗೆ ತೋರಿಸಿಯೇ ಶುರು ಮಾಡಿದ್ದು. ಕಾಂದಾ ಪೋಹೆ (ಈರುಳ್ಳಿ ಅವಲಕ್ಕಿ), ಚಹಾ ಅಂದರೆ ಬೆಳಗಿನ ಹೊತ್ತು ಪ್ರೋಟೀನು ಹೆಸರಿಗಷ್ಟೇ. ಅದಕ್ಕೆ ಬೆಳಿಗ್ಗೆ ಎರಡು ಮೊಟ್ಟೆ, ಮಧ್ಯಾಹ್ನ ಡೈರಿಯ ಚಕ್ಕಾ ನೂರು ಗ್ರಾಂ. ಚಕ್ಕಾ ಅಂದರೆ ಶ್ರೀಖಂಡಕ್ಕೆ ಬಳಸುವ ನೀರಿಳಿದ ಮೊಸರು. ಇಲ್ಲಿ ಯಾವ ಡೈರಿಯಲ್ಲೂ ಸಿಗುತ್ತದೆ. ಉಪ್ಪು, ಜೀರಿಗೆ, ಸೌತೆಕಾಯಿ ತುರಿ ಹಾಕಿದರೆ ಮೊಸರುಬಜ್ಜಿಯ ಹಾಗೆ ಅನ್ನದ ಜೊತೆ ಹೋಗುತ್ತದೆ.

ಖರ್ಚು ತಿಂಗಳಿಗೆ ಎರಡೂಮುಕ್ಕಾಲು ಸಾವಿರ ಬಿತ್ತು. ಅದರಲ್ಲಿ ಚಕ್ಕಾ ಒಂಬೈನೂರು, ತುಪ್ಪ ಆರುನೂರು, ಮೊಟ್ಟೆ ನಾನೂರು ಚಿಲ್ಲರೆ. ರಾಗಿಗೆ ಇನ್ನೂರೂ ಆಗಲಿಲ್ಲ. ಇಲ್ಲಿನ ಅಂಗಡಿಯಲ್ಲಿ ನಾಚಣಿ ಅಂತ ಕೇಳಿ. ಇದಲ್ಲದೆ ಹಲ್ಲಿನ ಸೆಟ್ಟಿಗೆ ಒಂದು ಖರ್ಚು. ಹತ್ತು ಕಿಲೋ ಇಳಿದಾಗ ಸೆಟ್ಟು ಸಡಿಲವಾಗಿ ಕುಣಿಯುತ್ತದೆ. ಅತ್ತೆಯವರು ಚಪಾತಿ ಬಿಟ್ಟದ್ದು ಹಸಿವಿಲ್ಲದೆ ಎಂದು ತಿಂಗಳುಗಟ್ಟಲೆ ನಂಬಿದ್ದೆವು. ವಸಡು ಒತ್ತಿ ಹುಣ್ಣಾಗಿತ್ತು. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಿ. ಮಲಬದ್ಧತೆಯನ್ನೂ ಕೇಳಿ; ಮೂರು ದಿನ ಹೊಟ್ಟೆ ಹೋಗದಿದ್ದರೆ ಯಾವ ಗಂಜಿಯೂ ಒಳಗೆ ಹೋಗುವುದಿಲ್ಲ.

ತೂಕ ನೋಡುವುದು ವಾರಕ್ಕೊಮ್ಮೆ, ಬೆಳಿಗ್ಗೆ ಶೌಚದ ನಂತರ, ಅದೇ ಸೀರೆಯಲ್ಲಿ. ಆಗಸ್ಟಿನಲ್ಲಿ ಒಂದೇ ವಾರದೊಳಗೆ 1.2 ಕಿಲೋ ಏರಿತು. ಎಲ್ಲರಿಗೂ ಖುಷಿ. ಮೊಣಕಾಲ ಕೆಳಗೆ, ಮುಂದಿನ ಮೂಳೆಯ ಮೇಲೆ ಹೆಬ್ಬೆರಳಿಂದ ಒತ್ತಿದರೆ ಗುಳಿ ಹಾಗೇ ನಿಂತಿತು. ಅದು ನೀರು. ಡಾಕ್ಟರ ಹತ್ತಿರ ಹೋದೆವು, ಉಪ್ಪಿನಕಾಯಿ, ಹಪ್ಪಳ ನಿಂತವು, ತೂಕ ಮತ್ತೆ ಇಳಿಯಿತು. ನಿಜವಾದ ಏರಿಕೆ ವಾರಕ್ಕೆ 250-300 ಗ್ರಾಂ. ಅದಕ್ಕಿಂತ ಜೋರಾಗಿ ಏರಿದರೆ ಮೊದಲು ಕಾಲು ಒತ್ತಿ ನೋಡುತ್ತೇನೆ.

ಮಾಂಸಖಂಡ ಬರುತ್ತಿದೆಯೇ ಎಂದು ನೋಡಲು ಟೇಪು ಸಾಕು. ಮೀನಖಂಡದ ದಪ್ಪದ ಜಾಗದಲ್ಲಿ 31 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸೊರಗಿದ್ದಾರೆ ಎಂದರ್ಥ. ಅತ್ತೆಯವರದು 27.5 ಇತ್ತು, ಈಗ 30. ಇದು ಗಂಜಿಯೊಂದರಿಂದ ಬಂದದ್ದಲ್ಲ, ಕುರ್ಚಿಯಿಂದ ಎದ್ದು ಕೂರಿಸಿದ್ದರಿಂದ. ಗೋಡೆಗೆ ಒತ್ತಿಟ್ಟ ಕುರ್ಚಿ, ಮೇಲೆ ಎರಡು ದಿಂಬು, ಐದು ಸಲ ಏಳುವುದು, ದಿನಕ್ಕೆ ಮೂರು ಹೊತ್ತು, ಪಕ್ಕದಲ್ಲಿ ಒಬ್ಬರು ನಿಂತಿರಲೇಬೇಕು. ಮೂರು ವಾರಕ್ಕೆ ಒಂದು ದಿಂಬು ತೆಗೆದೆ, ಇನ್ನೊಂದು ತಿಂಗಳಿಗೆ ಎರಡನೆಯದು. ಈಗ ಕೈ ಊರದೆ ಐದು ಸಲಕ್ಕೆ 16 ಸೆಕೆಂಡು. ಹದಿನೈದರೊಳಗೆ ಬರಬೇಕು.

50 ಮುಟ್ಟಿದ ಮೇಲೆ ಸಂಜೆಯ ಲೋಟ ನಿಲ್ಲಿಸಿ ಅವರಿಗಿಷ್ಟವಾದ ಅವಲಕ್ಕಿ ಮೊಸರಿಗೆ ಮರಳುವುದೆಂದು ಅತ್ತೆಯವರ ಜೊತೆ ಒಪ್ಪಂದವಾಗಿದೆ. ಮೊಳಕೆ ಪುಡಿ ಮಾತ್ರ ನಿಲ್ಲುವುದಿಲ್ಲ. ಬರುವ ಮೇ ತಿಂಗಳ ಬಿಸಿಲಲ್ಲೇ ಎರಡು ಕಿಲೋ ಒಣಗಿಸಿ, ಪುಡಿ ಮಾಡದೆ ಕಾಳಾಗಿಯೇ ಗಾಳಿಯಾಡದ ಡಬ್ಬಿಯಲ್ಲಿ ಫ್ರಿಜ್ಜಿಗೆ ಸೇರಿಸಿಡುತ್ತೇನೆ, ಮಳೆಗಾಲಕ್ಕೆ ಆಗುತ್ತದೆ.